ಸಯೋಳನ್ನು ಯಾರೂ ಕೇಳಲಿಲ್ಲ

ನನ್ನ ಮಾತನ್ನು ಓದಿ ಅವನು ನಕ್ಕ. ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ ನಕ್ಕ. ಅದೇ ಉಮಾಶಂಕರ್, ಬರುವ ಭಾನುವಾರ ತನ್ನ ಅಪ್ಪನ ಜೊತೆ ನನ್ನನ್ನು ನೋಡಲು ಬರುವವನಿದ್ದ.

ನಕ್ಕದ್ದು ಯೂಟ್ಯೂಬಿನಲ್ಲಿ. ಜಪಾನಿನ ಅನಿಮೆ ಸೀರೀಸ್‌ಗಳ ಬಗ್ಗೆ ಕನ್ನಡದಲ್ಲಿ ಮಾತಾಡುವ ಚಾನೆಲ್ ಅವನದು. ಹೊಟ್ಟೆಪಾಡಿಗೆ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಿಗೆ ಸೀರೆಯ ಡಿಸೈನ್ ಮಾಡಿಕೊಡುತ್ತಾನೆ. ಕಂಪ್ಯೂಟರಿನಲ್ಲಿ ನವಿಲು, ಮಾವಿನಕಾಯಿ ಬಿಡಿಸಿ, ಪೆನ್‌ಡ್ರೈವಿನಲ್ಲಿ ತಂದು ಮಗ್ಗಕ್ಕೆ ಹಾಕಿ ಹೋಗುತ್ತಾನೆ. ನಮ್ಮ ಶೆಡ್ಡಿಗೂ ಹಾಗೇ ಬಂದವನು.

ಪವರ್‌ಲೂಮ್ ಓಡುವಾಗ ಮಾತು ಕೇಳಿಸುವುದಿಲ್ಲ. ಶೆಡ್ಡಿನಲ್ಲಿ ಬೆಳೆದವರು ತುಟಿ ನೋಡಿಯೇ ಮಾತು ತಿಳಿಯುತ್ತೇವೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮಗ್ಗಕ್ಕೆ ನಿಂತವಳು ನಾನು. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಕಣ್ಣು ಮಾತ್ರ ಏನನ್ನೂ ಬಿಡುವುದಿಲ್ಲ.

ಅವನು ಅಪ್ಪನ ಕಿವಿಯ ಹತ್ತಿರ ಬಾಗಿ ಜರಿ, ಅಂಚು ಎಂದೆಲ್ಲ ಕೂಗುತ್ತಿದ್ದ. ಅಪ್ಪ ಮಗ್ಗದ ಕಡೆ ಬಗ್ಗಿದ ತಕ್ಷಣ ನನ್ನತ್ತ ತಿರುಗಿ, ಸದ್ದಿಲ್ಲದೆ, "ಹೂ ಬಾಡಿದೆ" ಅನ್ನುತ್ತಿದ್ದ. ನಾನು ಜಡೆ ಮುಟ್ಟಿ ನೋಡಿಕೊಂಡರೆ ಹೂ ಹೊಸದಾಗಿಯೇ ಇರುತ್ತಿತ್ತು. ಅವನ ಕಣ್ಣಂಚಿನಲ್ಲಿ ನಗು. ಆ ನಗುವಿಗಾಗಿ ಇಡೀ ವಾರ ಕಾದಿದ್ದೇನೆ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಆ ಸೀರೀಸ್ ತೋರಿಸಿದ್ದೂ ಅವನೇ. ಒಂದು ದಿನ ಫೋನು ಎತ್ತಿ ಹಿಡಿದು, "ಇದು ನೋಡಿ" ಎಂದು ತುಟಿಯಲ್ಲೇ ಹೇಳಿದ. 'ಬೂದಿ ಚಂದ್ರ' ಎಂದು ಅವನು ಕನ್ನಡದಲ್ಲಿ ಕರೆಯುವ ಕಥೆ. ಚಂದ್ರನ ಮೇಲೆ ಗಣಿ. ಗಣಿಯವರಿಗೆ ವೋಟಿಲ್ಲ, ಆಳುವುದೆಲ್ಲ ಭೂಮಿಯವರು. ರೆನ್ ಎಂಬ ಮಾತುಗಾರ ದಂಗೆ ಎಬ್ಬಿಸುತ್ತಾನೆ. ಗವರ್ನರ್ ಬಂಗಲೆಗೆ ಹೋಗುವ ಗಾಳಿ ನಿಲ್ಲಿಸು ಎಂದು ಗಾಳಿಕೋಣೆಯ ಪಂಪ್ ನೋಡಿಕೊಳ್ಳುವ ಸಯೋ ಎಂಬವಳಿಗೆ ಆಜ್ಞೆ ಬರುತ್ತದೆ. ಅವಳು ನಿಲ್ಲಿಸುವುದಿಲ್ಲ. ದಂಗೆ ಗೆದ್ದ ಮೇಲೆ ಅವಳನ್ನು ದ್ರೋಹಿ ಎಂದು ಊರಾಚೆ ಹಾಕುತ್ತಾರೆ.

ಮಗ್ಗಗಳ ನಡುವೆ ಸ್ಟೂಲಿನ ಮೇಲೆ ಕೂತು, ಸೌಂಡ್ ಇಲ್ಲದೆ, ಇಂಗ್ಲಿಷ್ ಸಬ್‌ಟೈಟಲ್ ನಿಲ್ಲಿಸಿ ನಿಲ್ಲಿಸಿ ಓದಿ ನಾನು ಅದನ್ನು ನೋಡಿದೆ. ಅವನ ಚಾನೆಲ್ಲಿನಲ್ಲಿ ಎಲ್ಲರೂ ರೆನ್‌ಗೆ ಜೈ ಅನ್ನುತ್ತಿದ್ದರು. ಸಯೋಗೆ ಬಯ್ಯದವರಿಲ್ಲ. ನನಗೆ ತಡೆಯಲಾಗಲಿಲ್ಲ. 'ಗಾಳಿಕೋಣೆ' ಎಂಬ ಹೆಸರಿಟ್ಟುಕೊಂಡು, ಅವನ ವಿಡಿಯೊದ ಕೆಳಗೆ, ಹುಟ್ಟಿದ ಮೇಲೆ ಮೊದಲ ಸಲ, ನನಗೆ ಅನ್ನಿಸಿದ್ದನ್ನು ಊರಿಗೆಲ್ಲ ಕಾಣುವಂತೆ ಬರೆದೆ.

ಮುಂದಿನ ವಿಡಿಯೊದಲ್ಲಿ ಅವನು ಅದರ ಮೊದಲ ಸಾಲು ಮಾತ್ರ ಓದಿದ. "ಸಯೋ ದ್ರೋಹಿ ಅಲ್ಲ ಅಂತೆ ಗುರು! ಪಾಲಿಟಿಕ್ಸ್ ಅರ್ಥ ಆಗ್ಬೇಕು ಅಂದ್ರೆ ಎಂಟನೇ ಕ್ಲಾಸಾದ್ರೂ ದಾಟಿರ್ಬೇಕಪ್ಪಾ. ಗಾಳಿಕೋಣೆಯವ್ರೇ, ಹೋಗಿ ಸೀರಿಯಲ್ ನೋಡ್ಕೊಳಿ."

ಎಂಟನೇ ಕ್ಲಾಸು. ಲೋಕದಲ್ಲಿ ಇಷ್ಟು ಕ್ಲಾಸುಗಳಿರುವಾಗ ಅವನಿಗೆ ಅದೇ ಸಿಕ್ಕಿತು.

ಭಾನುವಾರ ಬಂದೇ ಬಂತು. ಅವನ ಅಪ್ಪ ರಾಮಾಂಜಿನಪ್ಪ ಕೇಸರಿಬಾತ್ ಬಾಯಿಗಿಟ್ಟುಕೊಂಡು, "ಹುಡ್ಗಿ ಮಾತಾಡ್ತಾಳೆ ತಾನೆ?" ಅಂದರು.

"ಮಾತು ಕಮ್ಮಿ. ತುಂಬಾ ಸಾಧು" ಅಂದರು ಅಪ್ಪ.

"ನಮ್ಮವನು ಇಬ್ಬರ ಪಾಲಿಂದೂ ಮಾತಾಡ್ತಾನೆ ಬಿಡಿ" ಎಂದು ಅವರು ನಕ್ಕರು. ಎಲ್ಲರೂ ನಕ್ಕರು. ನಿನಗೆ ಒಪ್ಪಿಗೆಯಾ ಎಂದು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ನಮ್ಮಿಬ್ಬರನ್ನೂ ಪಕ್ಕದ ಶೆಡ್ಡಿಗೆ ಕಳಿಸಿದರು. ಬಾಗಿಲು ತೆರೆದೇ ಇತ್ತು. ಹೊರಗೆ ಜಗಲಿಯ ಮೇಲೆ ಎಲ್ಲರ ಕಿವಿ ನಮ್ಮ ಕಡೆಗೇ.

ಅವನು ಮೆಲ್ಲಗೆ, "ಇವತ್ತು ಹೂ ನಿಜವಾಗ್ಲೂ ಬಾಡಿಲ್ಲ" ಅಂದ.

ನಾನು ಹೋಗಿ ಎಲ್ಲ ಮಗ್ಗಗಳನ್ನೂ ಆನ್ ಮಾಡಿದೆ.

ಶೆಡ್ಡು ಗುಡುಗತೊಡಗಿತು. ಜಗಲಿಯ ಮೇಲೆ ಅಮ್ಮನ ತುಟಿ, "ಅಯ್ಯೋ, ಇವಳಿಗೇನು ಬಂತು" ಅಂದದ್ದು ನನಗೆ ಕಂಡಿತು. ನಾನು ಫೋನು ತೆಗೆದು ಅವನ ಮುಖದ ಮುಂದೆ ಹಿಡಿದೆ. ಅವನದೇ ವಿಡಿಯೊ, ನಗುತ್ತಿರುವಲ್ಲಿಗೆ ನಿಲ್ಲಿಸಿದ್ದೆ. ಆಮೇಲೆ ನಾನು ಬರೆದದ್ದನ್ನು ತೆರೆದು, 'ಗಾಳಿಕೋಣೆ' ಎಂಬ ಹೆಸರಿನ ಮೇಲೆ ಬೆರಳಿಟ್ಟು, ಅದೇ ಬೆರಳನ್ನು ನನ್ನ ಎದೆಗೆ ಒತ್ತಿದೆ.

ಅವನ ಮುಖ ಬಿಳಿಚಿಕೊಂಡಿತು. ತುಟಿ ಅಲುಗಿತು: "ನೀವಾ?"

"ಹೂಂ, ನಾನೇ!" ಮಗ್ಗದ ಸದ್ದಿನ ಒಳಗೆ ಅವಿತುಕೊಂಡು ನಾನು ಗಂಟಲು ಹರಿಯುವಂತೆ ಕೂಗಿದೆ. "ಎಂಟನೇ ಕ್ಲಾಸೇ! ಏನೀಗ? ಒಂದು ಸಾಲು ಓದೋಕೆ ನಾನೆಷ್ಟು ಒದ್ದಾಡ್ದೆ ಗೊತ್ತೇನೋ? ನೀನು ನೋಡು ಅಂದೆ ಅಂತ ನೋಡ್ದೆ. ನಿನಗೆ ನನ್ನ ಮಾತು ಪೂರ್ತಿ ಓದೋಕೂ ಪುರುಸೊತ್ತಿಲ್ಲ!"

ಅವನಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ನನ್ನ ತುಟಿಯನ್ನೇ ನೋಡುತ್ತ, ಅರ್ಥವಾಗದೆ ಹತ್ತಿರ ಹತ್ತಿರ ಬಂದ. ಹತ್ತಿರ ಬಂದಷ್ಟೂ ನನ್ನ ಸಿಟ್ಟು ಏರಿತು. ಆ ಕಣ್ಣುಗಳು ಈಗಲೂ ಚೆನ್ನಾಗಿಯೇ ಇದ್ದವು, ಅದು ಇನ್ನೊಂದು ಸಿಟ್ಟು. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳದೆ ಉಸಿರೆಳೆದು ಕೂಗಿದೆ.

ಅದೇ ಗಳಿಗೆಯಲ್ಲಿ ಕರೆಂಟು ಹೋಯಿತು.

"ನಿನ್ನಂಥೋನ್ನ ಪ್ರೀತಿಸಿದ್ನಲ್ಲೋ, ಲೋಫರ್!"

ಮಗ್ಗಗಳು ನಿಂತಿದ್ದವು. ನನ್ನ ದನಿ ಶೆಡ್ಡಿನ ತಗಡಿಗೆ ಬಡಿದು, ಬಾಗಿಲು ದಾಟಿ, ಜಗಲಿಯವರೆಗೂ ಹೋಯಿತು. ನೆಲ ಬಾಯಿ ತೆರೆದಿದ್ದರೆ ಇಳಿದುಬಿಡುತ್ತಿದ್ದೆ.

ಹೊರಗೆ ರಾಮಾಂಜಿನಪ್ಪನವರು ಕೇಳಿದರು: "ಹುಡ್ಗಿ ಪ್ರೀತಿ ಅಂದ್ಲಾ, ಲೋಫರ್ ಅಂದ್ಲಾ?"

"ಎರಡೂ ಅಂದ್ಲು" ಅಂದರು ಅಮ್ಮ, ಸತ್ತ ದನಿಯಲ್ಲಿ.

ಎಲ್ಲರೂ ಬಾಗಿಲಿಗೆ ಬಂದು ನಿಂತರು. ಅಪ್ಪನ ಮುಖ ಕೆಂಪಾಗಿತ್ತು. "ಪ್ರಮೋದಾ! ಏನಮ್ಮಾ ಇದು?"

"ಅವ್ರನ್ನ ಬೈಬೇಡಿ" ಅಂದ ಉಮಾಶಂಕರ್. "ತಪ್ಪು ನಂದು." ಅವನು ನನ್ನ ಕೈಯಿಂದ ಫೋನು ತೆಗೆದುಕೊಂಡು, ಎಲ್ಲರ ಮುಂದೆ, ನಾನು ಬರೆದದ್ದನ್ನು ಗಟ್ಟಿಯಾಗಿ ಓದಿದ. ಈ ಸಲ ಪೂರ್ತಿ.

"ಸಯೋ ದ್ರೋಹಿ ಅಲ್ಲ. ಬಂಗಲೆಗೆ ಹೋಗುವ ಗಾಳಿಯಲ್ಲೇ ಅಲ್ಲಿ ಪಾತ್ರೆ ತೊಳೆಯುವವರೂ ಉಸಿರಾಡುತ್ತಾರೆ. ರೆನ್ ಎಲ್ಲರ ಪರವಾಗಿ ಮಾತಾಡುತ್ತಾನೆ. ಆದರೆ ಇಡೀ ಕಥೆಯಲ್ಲಿ ಒಂದು ಸಲವೂ, ಸಯೋ, ನಿನಗೇನು ಅನ್ನಿಸುತ್ತೆ ಎಂದು ಕೇಳುವುದಿಲ್ಲ. ಕೇಳಿದ್ದರೆ ಅವಳು ಬೇರೆ ದಾರಿ ತೋರಿಸುತ್ತಿದ್ದಳೋ ಏನೋ."

ಕೊನೆಯ ಸಾಲಿಗೆ ಬಂದಾಗ ಅವನ ದನಿ ಇಳಿದಿತ್ತು.

"ಮೊದಲ್ನೇ ಸಾಲಿಗೇ ನಿಲ್ಲಿಸ್ಬಿಟ್ಟಿದ್ದೆ. ಜನ ನಗ್ತಾರೆ ಅಂತ" ಅಂದ. "ಆದ್ರೂ ಸಯೋ ವಿಷಯದಲ್ಲಿ ನಾನು ಪೂರ್ತಿ ಒಪ್ಪಲ್ಲ."

"ಒಪ್ಪಿ ಅಂತ ಯಾರು ಹೇಳಿದ್ರು?" ಅಪ್ಪನ ಮುಂದೆಯೇ ಮಾತು ಹೊರಬಂತು. ನಿಲ್ಲಿಸಲು ಆಗಲಿಲ್ಲ. "ಓದಿ ಅಂದೆ. ನಕ್ಕಿದ್ದು ಅಲ್ಲಿ, ಓದಿದ್ದು ಇಲ್ಲಿ. ಅದು ಹೇಗೆ ಸರಿಹೋಗುತ್ತೆ? ಅಲ್ಲೇ ಓದಿ. ನಾನ್ಯಾರು ಅಂತ ಹೇಳ್ಬೇಡಿ. ನೋಡೋಕೆ ಹೋದ ಹುಡ್ಗಿ ಅಂತ ಮರ್ಯಾದೆ ಕೊಡೋದು ಬೇಡ."

ಅವನು ತಲೆಯಾಡಿಸುವಷ್ಟರಲ್ಲಿ ಕರೆಂಟು ಬಂತು. ಮಗ್ಗಗಳೆಲ್ಲ ಒಟ್ಟಿಗೆ ಎದ್ದವು. ಬಾಗಿಲಲ್ಲಿ ಹಿರಿಯರು ಒಬ್ಬರ ಮೇಲೊಬ್ಬರು ಕೂಗಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅವನು ಅವರಿಗೆ ಬೆನ್ನು ಮಾಡಿ ನಿಂತು, ಸದ್ದಿಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ:

"ನಿಮಗೆ ಒಪ್ಪಿಗೆಯಾ?"

ಕೊನೆಗೂ ಒಬ್ಬರು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಮೊದಲು ಆ ವಿಡಿಯೊ ಬರಲಿ.

ಬುಧವಾರ ವಿಡಿಯೊ ಬಂತು. ಎಂದಿನಂತೆ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು, ಸೌಂಡ್ ಇಲ್ಲದೆ ನೋಡಿದೆ. ಪಟಪಟ ಮಾತಾಡುವವನು ಅವತ್ತು ವಿಚಿತ್ರವಾಗಿ ನಿಧಾನ. ಕ್ಯಾಮೆರಾಕ್ಕೆ ತೀರ ಹತ್ತಿರ ಕೂತು, ಪ್ರತಿ ಮಾತಿಗೂ ತುಟಿ ಅಗಲಿಸಿ, ಸಣ್ಣ ಮಕ್ಕಳಿಗೆ ಹೇಳಿಕೊಟ್ಟಂತೆ. ಕೆಳಗೆ ಜನ ಅವನನ್ನು ಆಡಿಕೊಳ್ಳುತ್ತಿದ್ದರು: ಏನ್ ಗುರು, ನೆಟ್ ಸ್ಲೋನಾ? ಬಾಯಲ್ಲಿ ಹುಣ್ಣಾ?

ಮಗ್ಗದ ಸದ್ದಿನಲ್ಲಿ ಕೂತವಳಿಗೂ ತಿಳಿಯಲಿ ಎಂದು ಅವನು ಹಾಗೆ ಮಾತಾಡಿದ್ದು ನನ್ನೊಬ್ಬಳಿಗೇ ಗೊತ್ತಾಯಿತು.

ಅವನು ಕ್ಷಮೆ ಕೇಳಿದ. ನಾನು ಬರೆದದ್ದನ್ನು ಕೊನೆಯ ಸಾಲಿನವರೆಗೂ ಓದಿದ. ಆಮೇಲೆ ಅಷ್ಟೇ ನಿಧಾನವಾಗಿ, ಆದರೂ ಸಯೋ ಹಾಗೆ ಮಾಡಬಾರದಿತ್ತು ಎಂದು ವಾದ ಶುರುಮಾಡಿದ. ನನಗೆ ಮತ್ತೆ ರೇಗಿತು. ಎಷ್ಟು ರೇಗಿತೆಂದರೆ, ಮುಖದ ಮೇಲೆ ನಗು ಬಂದಿರುವುದು ಎದುರಿನ ಮಗ್ಗದಿಂದ ಅಮ್ಮ ಕೈಯಾಡಿಸಿ ತೋರಿಸಿದ ಮೇಲೇ ತಿಳಿದದ್ದು.

ಫೋನು ತೆಗೆದುಕೊಂಡು, ಅದೇ ಹೆಸರಿನಲ್ಲಿ, ಊರಿಗೆಲ್ಲ ಕಾಣುವಂತೆ ಬರೆದೆ:

"ಸಯೋ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ತಪ್ಪು. ಮುಖಾಮುಖಿ ಜಗಳ ಆಡೋಣ. ಭಾನುವಾರ ಕೇಳಿದ ಇನ್ನೊಂದು ವಿಷಯಕ್ಕೆ ನನ್ನ ಒಪ್ಪಿಗೆ ಇದೆ."