ಶೇಂಗಾ ಉಂಡೆಯ ಡಬ್ಬಿ

“ನಿಜ ಹೇಳು ಇಂದುಧರ, ಮಾತ್ರೆ ತಪ್ಪಿಸುತ್ತಿದ್ದೀಯಾ?”

ಪಟಮಟ ಬಡಾವಣೆಯ ಅವನ ಮನೆಯ ವರಾಂಡದಲ್ಲಿ ನಿಂತು, ಕಿಟಕಿಯ ಆಚೆ ಕುಳಿತಿದ್ದವನನ್ನು ನಿಶ್ಚಿತಾ ಕೇಳಿದಳು. ಎರಡು ತಿಂಗಳ ಚಿಕಿತ್ಸೆಯ ಬಳಿಕವೂ ಅವನ ಕಫದಲ್ಲಿ ಕ್ಷಯದ ರೋಗಾಣು ಉಳಿದಿತ್ತು. ತಮ್ಮಿಬ್ಬರ ಮದುವೆಯ ದಿನ ಮುಂದಕ್ಕೆ ಹೋದ ದುಃಖ ಎಂದೋ ಆರಿತ್ತು. ಈಗ ಉಳಿದಿದ್ದ ಭಯ ಒಂದೇ: ಇವನು ಉಳಿಯುವನೇ?

ಮಾಸ್ಕಿನ ಮೇಲೆ ಅವನ ಕಣ್ಣುಗಳಷ್ಟೇ ನಕ್ಕವು. “ಒಂದೂ ತಪ್ಪಿಸಿಲ್ಲ, ಸೈಂಟಿಸ್ಟ್ ಗಾರು. ಡಬ್ಬಿ ಎಲ್ಲಿ?”

ಆ ಕಣ್ಣುಗಳೆದುರು ಅವಳ ಕೋಪ ನಿಲ್ಲುತ್ತಿರಲಿಲ್ಲ. ಪ್ರತಿ ಶನಿವಾರ ವಿಶಾಖಪಟ್ಟಣದ ರೈಲಿನಲ್ಲಿ ಅವಳ ಮಡಿಲೇರಿ ಬರುತ್ತಿದ್ದ ಡಬ್ಬಿ ಅದು. ಅನಕಾಪಲ್ಲಿಯ ಬೆಲ್ಲ, ಹುರಿದ ಶೇಂಗಾ. ಅಪ್ಪನ ನೌಕಾಪಡೆಯ ಕ್ವಾರ್ಟರ್ಸಿನಲ್ಲಿ ಧಾರವಾಡದ ಅಮ್ಮನ ಪಕ್ಕ ಕುಳಿತು ತಾನೇ ಕಟ್ಟಿದ ಉಂಡೆಗಳು. ಸೊರಗಿದ ಅವನ ಮೈಗೆ ಒಂದಿಷ್ಟು ಮಾಂಸ ಹತ್ತಲೆಂಬ ಆಸೆ.

ಸರಳುಗಳ ನಡುವೆ ಡಬ್ಬಿ ನೀಡಿದಳು. ಅವನು ಮುಟ್ಟುವ ಮೊದಲೇ ಇನ್ನೊಂದು ಕೈ ಅದನ್ನು ಕಸಿದುಕೊಂಡಿತು.

ಅವನ ತಾಯಿ, ಲಕ್ಷ್ಮೀಕಾಂತಮ್ಮ.

“ಸಾಕು ಅಮ್ಮಾಯಿ! ಇವನಿಗೆ ಷುಗರ್ ಇದೆ. ಮೊದಲನೇ ಟೆಸ್ಟಲ್ಲೇ ಗೊತ್ತಾಯಿತು. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡ. ಬಚ್ಚಿಟ್ಟರೂ ಹುಡುಕಿ ತಿನ್ನುತ್ತಾನೆ. ನಿನ್ನ ಉಂಡೆಯ ಮುಂದೆ ಷುಗರ್ ಮಾತ್ರೆ ಸೋತಿದೆ!”

ನಿಶ್ಚಿತಾ ಸರಳನ್ನು ಬಿಗಿಯಾಗಿ ಹಿಡಿದಳು. ಲ್ಯಾಬಿನಲ್ಲಿ ಅವಳು ದಿನನಿತ್ಯ ಅಧ್ಯಯನ ಮಾಡುತ್ತಿದ್ದುದೇ ಇದನ್ನು. ಸಕ್ಕರೆ ಮಿತಿಮೀರಿದ ರಕ್ತದಲ್ಲಿ ಕಾವಲಿನ ಜೀವಕೋಶಗಳು ತಡವಾಗಿ ಏಳುತ್ತವೆ. ಎದ್ದಮೇಲೆ ದಿಕ್ಕುತಪ್ಪಿ ಶ್ವಾಸಕೋಶವನ್ನೇ ಸುಡುತ್ತವೆ. ತನ್ನನ್ನು ನುಂಗಿದ ಕೋಶದ ಕೊಬ್ಬನ್ನೇ ಉಂಡು ರೋಗಾಣು ಬದುಕುತ್ತದೆ. ಹಿಡಿದ ಕಳ್ಳನಿಗೆ ಕಾವಲುಗಾರನೇ ಊಟ ಬಡಿಸಿದ ಹಾಗೆ! ಈ ವರಾಂಡದಲ್ಲೇ ನಗುನಗುತ್ತಾ ಅವನಿಗೆ ವಿವರಿಸಿದ್ದಳು, ಉಂಡೆ ಕೊಡುತ್ತಾ.

“ಯಾಕೋ ಹೇಳಲಿಲ್ಲ?”

“ಹೇಳಿದರೆ ಹೀಗೆ ನೋಡುತ್ತೀಯೆಂದು. ಮೈಕ್ರೋಸ್ಕೋಪಿನ ಕೆಳಗೆ ಇಟ್ಟಂತೆ. ಡಬ್ಬಿ ಕೊಡುವಾಗ ನೀನು ನೋಡುವ ರೀತಿಯೇ ಬೇರೆ.”

ಕೆಮ್ಮು ಅವನನ್ನು ಬಾಗಿಸಿತು. ಬೆನ್ನು ಸವರಲು ಚಾಚಿದ ಅವಳ ಕೈ ಸರಳಿಗೆ ತಾಗಿ ನಿಂತಿತು.

“ನಾಳೆಯಿಂದ ಇನ್ಸುಲಿನ್ ಅಂತೆ,” ತಾಯಿ ತಗ್ಗಿದ ದನಿಯಲ್ಲಿ ಹೇಳಿ ಒಳಗೆ ಹೋದಳು.

ಅವನು ಉಸಿರು ಸುಧಾರಿಸಿಕೊಂಡು ಕೇಳಿದ: “ಸಕ್ಕರೆ ಇಳಿದರೆ ನಿನ್ನ ಕಾವಲುಗಾರರು ಎಚ್ಚರವಾಗುತ್ತಾರಾ?”

ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. “ಕೆಲವರು.”

“ಎಲ್ಲರೂ ಅಲ್ಲ?”

“ಗೊತ್ತಿಲ್ಲ ಕಣೋ. ಲ್ಯಾಬಿನ ತಟ್ಟೆಯೊಳಗಿನದು ಗೊತ್ತು. ನಿನ್ನ ಎದೆಯೊಳಗೆ ಏನಾಗುತ್ತದೋ ಗೊತ್ತಿಲ್ಲ.”

“ಅಲ್ಲಿ ನೀನೂ ಇದ್ದೀಯಲ್ಲ. ಜಾಗ ಸ್ವಲ್ಪ ಇಕ್ಕಟ್ಟು, ಅಷ್ಟೇ.”

ಅವಳಿಗೆ ನಗಲಾಗಲಿಲ್ಲ. “ಮುಂದಿನ ಶನಿವಾರ ಏನು ತರಲಿ?”

“ಏನೂ ಬೇಡ. ಡಬ್ಬಿ ಕೊಡುವಾಗ ನೋಡುತ್ತಿದ್ದೆಯಲ್ಲ, ಹಾಗೆ ಒಮ್ಮೆ ನೋಡು.”

ಅವಳು ನೋಡಿದಳು. ಕಣ್ಣು ಮಂಜಾಗಿ ಅವನ ಮುಖವೇ ಕಾಣಲಿಲ್ಲ. ಆದರೂ ನೋಡುತ್ತಲೇ ನಿಂತಳು.