ಹಸಿದ ಸೊಳ್ಳೆಗಳ ಸಾಕ್ಷಿ

"ಹೊರಗೆ ನಡೀರಿ! ಈಗ್ಲೇ!"

ಬಾಗಿಲಲ್ಲಿ ನಿಂತಿದ್ದ ಗಂಡಸು ಬೆಚ್ಚಿಬಿದ್ದ. ಬಿಳಿ ಅಂಗಿ, ಹೊಳೆಯೋ ಬೂಟು... ಮೈತುಂಬಾ ಘಮಘಮ ಸೆಂಟು!

"ನಾನು ಒಗೊಲಾ... ಹೊಸ ಟ್ರಸ್ಟಿನವನು. ಸಿಬ್ಬಂದಿ ವಿಚಾರ ನೋಡ್ಕೊಳ್ಳೋಕೆ ಬಂದೆ..."

"ಯಾರಾದ್ರೂ ಆಗಿರಿ! ಸೆಂಟು ಬಳ್ಕೊಂಡು ಸೊಳ್ಳೆಮನೆಗೆ ಬರ್ತಾರೇನ್ರೀ? ನನ್ನ ಮಕ್ಕಳು ಊಟ ಬಿಟ್ಟುಬಿಡ್ತವೆ!"

ಮಕ್ಕಳಾ? ಅವನು ಸುತ್ತ ನೋಡಿದ. ಸಾಲುಸಾಲು ಬಲೆಯ ಗೂಡುಗಳು, ಒಳಗೆ ಗುಂಯ್‌ಗುಡುವ ಸೊಳ್ಳೆಗಳು. ಕೂಗಿದ ಹುಡುಗಿಯ ಎಡಗೈ ಮೊಣಕೈವರೆಗೂ ಒಂದು ಗೂಡಿನೊಳಗಿತ್ತು. ಅದರ ಮೇಲೆ ಕೂತು ಸೊಳ್ಳೆಗಳು ನೆಮ್ಮದಿಯಾಗಿ ರಕ್ತ ಹೀರುತ್ತಿದ್ದವು!

ಅವನು ತಲೆ ಸುತ್ತಿ ಗೋಡೆ ಹಿಡಿದ.

"ಅಯ್ಯೋ, ಇವನೇ ಬಿದ್ದೋಗ್ತಾನಲ್ಲೇ ಅಪೊಂಡಿ!" ಅಂತ ಹಿಂದಿನಿಂದ ಮಿನ್ ಒಮೊಲೊ ನಕ್ಕಳು. ಆ ಕೇಂದ್ರದ ಎಲ್ಲರಿಗೂ ಹಿರಿಯಳು ಅವಳು.

ಕಿಸುಮು ಪಟ್ಟಣದಿಂದಾಚೆ, ಸರೋವರದ ದಡದ ಮಲೇರಿಯಾ ಸಂಶೋಧನಾ ಕೇಂದ್ರ ಅದು. ದೊಡ್ಡ ಡಾಕ್ಟರುಗಳ ಹೆಸರು ಪತ್ರಿಕೆಯಲ್ಲಿ ಬರುತ್ತೆ. ಆದರೆ ಸೊಳ್ಳೆ ಇಲ್ಲದೆ ಪರೀಕ್ಷೆ ಎಲ್ಲಿಂದ? ರೋಗವಿಲ್ಲದ ಆ ಶುದ್ಧ ತಳಿಯನ್ನು ಮೊಟ್ಟೆಯಿಂದ ಸಾಕಿ, ಸಕ್ಕರೆ ನೀರಿಟ್ಟು, ಸರದಿಯ ಮೇಲೆ ತಮ್ಮದೇ ತೋಳು ಕೊಟ್ಟು ಉಳಿಸಿದವರು ಈ ಕೆಲಸಗಾರರು. ಅವರ ಹೆಸರು ಯಾರೂ ಬರೆಯಲಿಲ್ಲ!

ಈಗ ಹಳೆಯ ಸಂಸ್ಥೆ ದೇಶ ಬಿಟ್ಟು ಹೊರಟಿತ್ತು. ಲಾಭವೇ ಬೇಡವೆನ್ನುವ ಒಂದು ಟ್ರಸ್ಟು ಕೇಂದ್ರವನ್ನು ವಹಿಸಿಕೊಳ್ಳಲಿತ್ತು.

ಮರುದಿನ ಒಗೊಲಾ ಬರಿಯ ಸೋಪಿನ ವಾಸನೆಯಲ್ಲಿ ಬಂದ. ಅದರ ಮರುದಿನವೂ ಬಂದ. ಎಲ್ಲರ ಜೊತೆ ಬೆಂಚಿನ ಮೇಲೆ ಕೂತು ಚಾಯ್ ಕುಡಿದ, ಎಣ್ಣೆಯಲ್ಲಿ ಕರಿದ ಮಂದಾಜಿ ತಿಂದ, ಒಬ್ಬೊಬ್ಬರ ಕಥೆ ಕೇಳಿದ.

"ಹೊಸ ಧಣಿ ಬಂದ್ರೆ ನಮ್ಮ ಹಳೇ ಸೇವೆಯ ವರ್ಷಗಳು ಏನಾಗ್ತವೆ?" ಅಪೊಂಡಿ ನೇರವಾಗಿ ಕೇಳಿದಳು.

"ನಿಮ್ಮ ಜೊತೆ ಅವೂ ಟ್ರಸ್ಟಿಗೆ ದಾಟ್ಬೇಕು. ಮೇಲಿನವರಿಗೆ ನಾನು ಹೇಳ್ತೀನಿ."

ಆ 'ನಾನು' ಅನ್ನೋ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು...

*ಇವನು ಬೇರೆ ಥರ ಇದಾನೆ,* ಅಂದುಕೊಂಡಳು. *ಛೆ, ಏನಾಗಿದೆ ನನಗೆ!*

ಆದರೆ ಟ್ರಸ್ಟಿನ ಡೈರೆಕ್ಟರ್ ಡಾಕ್ಟರ್ ಒಬಾರೆ ಬಂದು, ಮಾವಿನ ಮರದಡಿ ಎಲ್ಲರನ್ನೂ ಸೇರಿಸಿ, ಸಿಹಿ ನಗೆಯಲ್ಲಿ ಹೇಳಿದ್ದೇ ಬೇರೆ.

"ಶುಕ್ರವಾರ ಎಲ್ಲರೂ ರಾಜೀನಾಮೆ ಕೊಡಿ. ಸೋಮವಾರ ಹೊಸಬರಾಗಿ ಬನ್ನಿ. ಆರು ತಿಂಗಳು ಪರೀಕ್ಷಾವಧಿ. ಇದು ಸೇವೆ, ವ್ಯಾಪಾರ ಅಲ್ಲ. ತ್ಯಾಗ ಬೇಕಪ್ಪಾ!"

ಹೊಸಬರಾ? ಹದಿನೆಂಟು ವರ್ಷ ತೋಳು ಕೊಟ್ಟ ಮಿನ್ ಒಮೊಲೊ ಹೊಸಬಳಾ! ಪರೀಕ್ಷಾವಧಿ ಅಂದರೆ ಗೊತ್ತಲ್ಲ... ಜ್ವರ ಬಂದು ಮಲಗಿದರೆ, ಬಸುರಿಯಾದರೆ, ತಲೆ ನರೆತರೆ, ನಾಳೆ ಬರಬೇಡ ಅಂದರೆ ಮುಗೀತು. ತ್ಯಾಗ ಅನ್ನೋ ಪದ ಯಾವಾಗಲೂ ತುಂಬಿದ ಹೊಟ್ಟೆಯಿಂದಲೇ ಯಾಕೆ ಬರುತ್ತೋ!

ಅಪೊಂಡಿ ಎದ್ದು ನಿಂತಳು. ಡೈರೆಕ್ಟರ್ ಪಕ್ಕದಲ್ಲೇ ಇದ್ದ ಒಗೊಲಾನನ್ನು ನೋಡಿದಳು.

"ಹೇಳ್ತೀನಿ ಅಂದಿದ್ರಲ್ಲ... ಹೇಳಿ!"

ಒಗೊಲಾ ಬಾಯಿ ತೆರೆದ. ಡೈರೆಕ್ಟರ್ ಅವನ ಹೆಗಲ ಮೇಲೆ ಕೈಯಿಟ್ಟರು. ಅವನು ತಲೆ ತಗ್ಗಿಸಿದ...

ಅವಳ ಕಣ್ಣು ತುಂಬಿತು. ಆದರೆ ಡೈರೆಕ್ಟರ್ ಕಡೆ ತಿರುಗಿದಳು.

"ನಾವು ರಾಜೀನಾಮೆ ಕೊಡಲ್ಲ. ಇವತ್ತಿನಿಂದ ಒಬ್ಬರೂ ಒಳಗೆ ಕಾಲಿಡಲ್ಲ!"

ಮುಷ್ಕರ ಶುರುವಾಯಿತು. ಗೇಟಿನ ಹೊರಗೆ ಮೆಕ್ಕೆಜೋಳದ ಮುದ್ದೆ ಉಗಾಲಿ ಬೆಂದಿತು, ಒಮೆನಾ ಮೀನು ಹುರಿದರು, ಹಾಡಿದರು. ಅಪೊಂಡಿ ಮಾತ್ರ ಸೊಳ್ಳೆಮನೆಯ ಕಡೆ ಬೆನ್ನು ಹಾಕಿ ಕೂತಿದ್ದಳು. ಒಳಗೆ ಮಕ್ಕಳು ಹಸಿದಿವೆ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಪಟ್ಟು ಸಡಿಲಿಸಿದರೆ ಸೋತಂತೆ ಅಂದುಕೊಂಡಿದ್ದಳು.

ಎರಡನೇ ಮಧ್ಯಾಹ್ನ ಮಿನ್ ಒಮೊಲೊ ಅವಳ ಭುಜ ತಟ್ಟಿದಳು.

"ಏ, ನಿನ್ನ ಸೆಂಟಿನವನು ಹಿಂದಿನ ಬಾಗಿಲಿಂದ ಒಳಗೆ ಹೋದ."

"ನನ್ನವನಲ್ಲ ಅವನು!"

*ಮುಷ್ಕರ ಮುರಿಯೋಕೆ ಬಂದಿದಾನೆ... ದ್ರೋಹಿ!* ಅವಳು ಎದ್ದು ಓಡಿದಳು. ಹಿಂದೆಯೇ ಮಿನ್ ಒಮೊಲೊ. ಬಾಗಿಲು ತಳ್ಳಿದರೆ...

ಒಗೊಲಾ ಸ್ಟೂಲಿನ ಮೇಲೆ ಕೂತಿದ್ದ. ಮುಖ ಬೆವೆತಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ತೋಳು ಗೂಡಿನೊಳಗೆ!

"ಏನ್ ಮಾಡ್ತಿದೀರಿ?"

"ಊಟ ಹಾಕ್ತಿದೀನಿ. ಒಂದು ಗಂಟೆಯಿಂದ ಕೂತಿದೀನಿ, ಒಂದೂ ಕಚ್ತಾ ಇಲ್ಲ. ನನ್ನ ರಕ್ತವೂ ಬೇಡವಾಯ್ತಾ?"

ಮಿನ್ ಒಮೊಲೊ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಸಿದಳು.

"ಓಮೆರಾ! ತಮ್ಮಾ! ಅದು ಗಂಡುಗಳನ್ನ ಬೇರೆ ಮಾಡಿಟ್ಟ ಗೂಡು ಕಣೋ! ಗಂಡು ಸೊಳ್ಳೆ ಕಚ್ಚಲ್ಲ!"

ಅವನು ಒಂದು ಕಣ್ಣು ತೆರೆದ. "ಅಂದ್ರೆ... ಈ ಊರಲ್ಲಿ ಕಚ್ಚೋದು ಹೆಣ್ಣುಗಳು ಮಾತ್ರ."

ನಗು ನುಗ್ಗಿ ಬಂದರೂ ಅಪೊಂಡಿ ತುಟಿ ಕಚ್ಚಿಕೊಂಡಳು. "ಯಾಕೆ ಬಂದ್ರಿ? ಯಾರು ಕಳಿಸಿದ್ರು?"

"ಯಾರೂ ಕಳಿಸಿಲ್ಲ. ಬಾಗಿಲು ಮುಟ್ಟಬೇಡ ಅಂತ ಡೈರೆಕ್ಟರ್ ಆಜ್ಞೆ." ಅವನ ಧ್ವನಿ ಇಳಿಯಿತು. "'ಸೊಳ್ಳೆ ಸಾಯಲಿ ಬಿಡು. ಕೆಲಸವೇ ಇಲ್ಲ ಅಂದ್ಮೇಲೆ ಕೆಲಸಗಾರರು ಯಾಕೆ? ಬೇರೆ ಕಡೆಯಿಂದ ಹೊಸ ತಳಿ, ಹೊಸ ಜನ ತರಿಸ್ತೀನಿ' ಅಂದ್ರು. ಅಪೊಂಡಿ, ನಿಮ್ಮ ಮುಷ್ಕರ ಅವರಿಗೇ ಬೇಕಾಗಿತ್ತು!"

ಅಪೊಂಡಿ ಗೂಡುಗಳ ಕಡೆ ತಿರುಗಿದಳು. ತನ್ನ ಕೈಯಾರೆ ತಾನೇ...!

ಆದರೆ ನಮ್ಮ ಅಪೊಂಡಿ ಅಳುತ್ತಾ ಕೂರುವ ಹೆಣ್ಣಲ್ಲ. ಆ ಎದೆಗಾರಿಕೆಗೆ ಕೈಮುಗಿಯಬೇಕು! ಗೇಟಿಗೆ ಹೋಗಿ, ಎಲ್ಲರೆದುರು ನಿಂತು ಹೇಳಿದಳು: "ತಪ್ಪು ನನ್ನದು. ನಮ್ಮ ಬಲ ಇರೋದು ಒಳಗೆ, ಹೊರಗಲ್ಲ. ಸೊಳ್ಳೆ ಸಾಕೋಣ. ಆದ್ರೆ ನಮ್ಮ ವರ್ಷಗಳು ದಾಟೋವರೆಗೂ ಒಂದು ಸೊಳ್ಳೆಯನ್ನೂ ಪರೀಕ್ಷೆಗೆ ಕೊಡೋದು ಬೇಡ!"

ತೋಳುಗಳು ಸಾಲಾಗಿ ಒಳಗೆ ನಡೆದವು.

ಮುಂದಿನ ವಾರ ಸರ್ಕಾರದ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದು, ಎರಡೂ ಕಡೆಯವರನ್ನು ಕೂರಿಸಿದರು.

"ಕೆಲಸಗಾರರೇ ತಳಿಯನ್ನ ಉಪವಾಸ ಕೆಡವಿದ್ರು," ಅಂದರು ಡಾಕ್ಟರ್ ಒಬಾರೆ, ಅದೇ ಸಿಹಿ ನಗೆಯಲ್ಲಿ. "ಇಂಥವರನ್ನ ಹೇಗೆ ನಂಬೋದು?"

ಒಗೊಲಾ ನಿಧಾನವಾಗಿ ಎದ್ದ.

"ಸುಳ್ಳು. ಸಾಯಲಿ ಬಿಡು ಅಂತ ನನಗೆ ಹೇಳಿದ್ದು ನೀವು. ಬದುಕಿಸಿದ್ದು ಇವರು."

"ಒಗೊಲಾ! ನಿನ್ನ ಕೆಲಸ ಹೋಯ್ತು ಅಂದ್ಕೋ!"

"ಅಂದ್ಕೊಂಡೇ ಎದ್ದಿದೀನಿ ಸಾರ್."

ಅಪೊಂಡಿ ತಿರುಗಿ ಅವನನ್ನೇ ನೋಡಿದಳು...

ಸಂಜೆಯ ಹೊತ್ತಿಗೆ ಒಪ್ಪಂದವಾಯಿತು. ರಾಜೀನಾಮೆ ಇಲ್ಲ, ಪರೀಕ್ಷಾವಧಿ ಇಲ್ಲ. ಎಲ್ಲರೂ ತಮ್ಮ ಹಳೆಯ ವರ್ಷ, ರಜೆ, ಹಕ್ಕುಗಳ ಸಮೇತ ದಾಟುತ್ತಾರೆ. ಒಗೊಲಾನ ಹೆಸರು ಮಾತ್ರ ಅದರಲ್ಲಿಲ್ಲ. ಅಪೊಂಡಿಯ ಪೆನ್ನು ತಡೆಯಿತು.

"ಸಹಿ ಹಾಕಿ," ಮೆಲ್ಲಗೆ ಅಂದ ಅವನು. "ನನ್ನೊಬ್ಬನಿಗಾಗಿ ಇಷ್ಟು ಜನರನ್ನ ನಿಲ್ಲಿಸ್ಬೇಡಿ."

ಅವಳು ಸಹಿ ಹಾಕಿದಳು. ತಲೆಯೆತ್ತಿ ನೋಡಿದಾಗ ಅವನ ಕುರ್ಚಿ ಖಾಲಿ!

ಮಟಾಟು ವ್ಯಾನುಗಳ ನಿಲ್ದಾಣದಲ್ಲಿ ಅವನು ಚೀಲ ಹಿಡಿದು ನಿಂತಿದ್ದ. ಅವಳು ಏದುಸಿರು ಬಿಡುತ್ತಾ ಬಂದು ಎದುರು ನಿಂತಳು.

"ಹೇಳದೆ ಹೊರಟ್ರಾ?"

"ಕೆಲಸ ಇಲ್ಲದವನು ಏನಂತ ಹೇಳ್ಲಿ? ನಿಮ್ಮಪ್ಪ ನನ್ನನ್ನ ಅಂಗಳಕ್ಕೂ ಬಿಡಲ್ಲ."

"ಅಪ್ಪ ಕೆಲಸ ಕೇಳಲ್ಲ. ಹುಡುಗನಿಗೆ ಬಾಯಿ ಇದೆಯಾ ಅಂತ ಕೇಳ್ತಾರೆ."

"ನೀನೇನ್ ಹೇಳ್ತೀಯಾ?"

ಅವನು ಮೊದಲ ಸಲ 'ನೀನು' ಅಂದಿದ್ದ. ಅವಳ ಕೆನ್ನೆ ಬಿಸಿಯಾಯಿತು.

"ಬಾಯಿ ತೆಗೆಯೋದು ತಡ... ತೆಗೆದ ಮೇಲೆ ಹೆದರಲ್ಲ ಅಂತೀನಿ."

"ಹಾಗಾದ್ರೆ ಕೇಳು. ನೀನಿಲ್ಲದ ಊರಿಗೆ ಹೋಗೋಕೆ ನನಗೆ ಇಷ್ಟ ಇಲ್ಲ, ಅಪೊಂಡಿ."

ಕಂಡಕ್ಟರ್ ತಗಡು ಬಡಿದು ಕೂಗಿದ: "ಏ ಓಮೆರಾ! ಹತ್ತೀಯೋ, ಇಲ್ಲೇ ಮದುವೆ ಆಗ್ತೀಯೋ? ಒಂದೇ ಸೀಟಿರೋದು!"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಈಗ ಹೋಗು. ಭಾನುವಾರ ನಿನ್ನ ಹಿರಿಯರನ್ನ ಕರ್ಕೊಂಡು ನಮ್ಮನೆಗೆ ಬಾ."

"ಯಾರ್‍ಯಾರನ್ನ?"

"ಎಲ್ಲರನ್ನೂ," ಅವನ ಕೈ ಹಿಡಿದು ಅಂದಳು ಅವಳು. "ಒಬ್ಬರನ್ನೂ ಬಿಡದೆ."