ತಂಬೂರಿಗೆ ಕೊಟ್ಟ ಎಳೆ

1983ರ ಮೇ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆಗೆ ಆಳಂದದ ಸಂಗೀತ ಪಾಠಶಾಲೆಯ ಒಳಕೋಣೆಯ ಬೀಗ ತೆಗೆಯಲಾಯಿತು.

ತೆಗೆಸಿದವಳು ಸುಂದರಬಾಯಿ, ಸೋಲಾಪುರದಿಂದ ಹೊಸದಾಗಿ ಬಂದ ಹಾಡಿನ ಶಿಕ್ಷಕಿ. ವಾರಕ್ಕೆರಡು ದಿನ ನರೋಣಾದ ಶಾಲೆಯಲ್ಲೂ ಅವಳದೇ ಪಾಠ. ಬೇಸಿಗೆ ರಜೆ ಬಿಟ್ಟ ಮೇಲೆ ಅಲ್ಲಿಂದ ಬರುವಾಗ ಬಸ್ಸಿನ ಟಾಪಿನ ಮೇಲೆ ಅವಳ ತಂಬೂರಿಯ ಬುರುಡೆ ಒಡೆದಿತ್ತು. ಸೋಮವಾರ ಗುಲ್ಬರ್ಗಾ ಆಕಾಶವಾಣಿಯಲ್ಲಿ ಧ್ವನಿ ಪರೀಕ್ಷೆ. ಹಿಂದೆ ಎರಡು ಸಲ ನಪಾಸಾಗಿದ್ದಳು. ಊರೂರು ತಿರುಗಿ ಸರಿಗಮ ಹೇಳಿಕೊಟ್ಟು ದಣಿದಿದ್ದಳು. ಈ ಸಲವೂ ಆಗದಿದ್ದರೆ ಹಾಡುವುದನ್ನೇ ಬಿಡುವುದೆಂದು ನಿಶ್ಚಯಿಸಿದ್ದಳು.

ಬೀಗ ತೆಗೆದ ಕಲ್ಯಾಣಪ್ಪ ಪಾಠಶಾಲೆಯ ಹಳೆಯ ತಬಲಾ ಮಾಸ್ತರರು. ಒಳಗಿನ ತಂಬೂರಿಯತ್ತ ಕೈ ತೋರಿಸಿದರೂ ಅವರು ಹೊಸ್ತಿಲು ದಾಟಲಿಲ್ಲ.

"ಅಕ್ಕೋರ, ಬಾರಿಸೂದಿದ್ರ ಬಾರಿಸ್ರಿ. ಅದಕ್ಕ ಎಳಿ ಮಾತ್ರ ಕೊಡಬ್ಯಾಡ್ರಿ."

ತಂಬೂರಿಯ ತಂತಿಗಳು ಬುರುಡೆಯ ಮೇಲಿನ ಸೇತುವೆಯಂಥ ಕುದುರೆಯ ಮೇಲೆ ಕೂರುವಲ್ಲಿ ಒಂದೊಂದರ ಕೆಳಗೂ ನೂಲಿನ ಎಳೆ ಇಡಬೇಕು. ಆಗಲೇ ನಾದ ಅರಳುವುದು. ನೂಲು ಕೈಗೆ ಸಿಗದಿದ್ದರೆ ಹಾಡುವವರು ಉಟ್ಟ ಬಟ್ಟೆಯಿಂದಲೇ ಎಳೆ ಕೀಳುತ್ತಾರೆ.

ಕಲ್ಯಾಣಪ್ಪ ಬಾಗಿಲಲ್ಲೇ ನಿಂತು ಕಾರಣ ಹೇಳಿದರು. ಪಾಠಶಾಲೆ ಶುರುವಾದದ್ದು 1886ರಲ್ಲಿ, ನಿಜಾಮರ ಕಾಲದಲ್ಲಿ. ಪೇಟೆಯ ವ್ಯಾಪಾರಿಗಳು ಹೀರಾಬಾಯಿ ಎಂಬ ಹಾಡುಗಾರ್ತಿಯನ್ನು ಕರೆಸಿ, ಪರದೆಯ ಹಿಂದೆ ಕೂರಿಸಿ ತಮ್ಮ ಗಂಡುಮಕ್ಕಳಿಗೆ ಪಾಠ ಹೇಳಿಸಿದರು. ಹುಡುಗರು ಹಾಡುವಂತಾದ ಮೇಲೆ, ಇಂಥವಳಿದ್ದರೆ ಪಾಠಶಾಲೆಗೆ ಮರ್ಯಾದೆಯಲ್ಲ ಎಂದು ಹೊರಗೆ ಹಾಕಿದರು. ಅವಳ ಈ ತಂಬೂರಿಯನ್ನೂ ಕೊಡಲಿಲ್ಲ. ಅವಳು ಭೀಮೆಯಲ್ಲಿ ಮುಳುಗೆದ್ದು, ಒದ್ದೆ ಕೂದಲಲ್ಲೇ ದಂಡೆಯಲ್ಲಿ ಮಾಟ ಮಾಡಿಸಿದಳಂತೆ: ಆ ತಂಬೂರಿಗೆ ಯಾರು ತಮ್ಮ ಬಟ್ಟೆಯ ಎಳೆ ಕೊಡುತ್ತಾರೋ ಅವರ ಕಂಠ ಅದರ ಪಾಲಾಗಲಿ. ಆಮೇಲೆ ಇಬ್ಬರು ಮಾಸ್ತರರು ಮೂಕರಾದರು. ಒಬ್ಬರನ್ನು ಕಲ್ಯಾಣಪ್ಪ ಕಣ್ಣಾರೆ ಕಂಡಿದ್ದರು.

ಸುಂದರಬಾಯಿ ಸೆರಗು ಹಿಡಿದು ತೋರಿಸಿದಳು.

"ಮಾಸ್ತರ್ರ, ಈ ಸೀರಿಗೆ ಬಣ್ಣಾನ ನಿಲ್ಲವಲ್ದು. ಇನ್ನ ಮಾಟ ಎಲ್ಲಿ ನಿಲ್ತದರಿ?"

ಅವರು ನಗಲಿಲ್ಲ. ಪಡಸಾಲೆಗೆ ಹೋಗಿ ಅಡಕೊತ್ತು ಹಿಡಿದು ಕುಳಿತರು.

ಕಿಟಕಿಯಿಲ್ಲದ ಕೋಣೆ. ಕರೆಂಟು ಹೋಗಿತ್ತು. ಬಾವಲಿಯ ಹಿಕ್ಕೆ, ಮುಗ್ಗಲು ಹಿಡಿದ ಜಮಖಾನೆ, ಕಮಟು ಎಣ್ಣೆ ಎಲ್ಲ ಒಂದೇ ವಾಸನೆಯಾಗಿ ಮೂಗಿಗೆ ಬಡಿಯಿತು. ಅವಳು ಗೋಡೆಗೆ ಒರಗಿಸಿದ್ದ ತಂಬೂರಿಯನ್ನು ತಡವಿ ಎತ್ತಿಕೊಂಡು ಬಿರಡೆ ತಿರುವಿದಳು. ನಾದ ಮೊದ್ದಾಗಿತ್ತು. ಸೆರಗಿನ ಅಂಚಿನಿಂದ ಎಳೆ ಕಿತ್ತು ತಂತಿಗಳ ಕೆಳಗೆ ಸರಿಸಿದಳು.

ತಂಬೂರಿ ಝೇಂಕರಿಸಿತು. ಅಂಥ ನಾದವನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕಣ್ಣು ಮುಚ್ಚಿ ಷಡ್ಜ ಹಚ್ಚಿದಳು.

ಒದ್ದೆ ಕೂದಲಿನ ವಾಸನೆ ಬಂತು. ಹತ್ತಿರದಿಂದ, ಹೆಗಲ ಹಿಂದಿನಿಂದ. ಅವಳು ರಿಷಭಕ್ಕೆ ಹೋಗುವ ಮೊದಲೇ ಬುರುಡೆಯೊಳಗೆ ರಿಷಭ ನುಡಿಯಿತು. ಹಾಡು ನಿಲ್ಲಿಸಿದಳು. ಅದು ನಿಲ್ಲಲಿಲ್ಲ. ತಂತಿಯಿಂದ ಕೈ ತೆಗೆದಳು. ಆಗಲೂ ನಿಲ್ಲಲಿಲ್ಲ.

ಅದು ಅವಳದೇ ಕಂಠ. ಇಪ್ಪತ್ತರ ಹರೆಯದ್ದು. ಬಸ್ಸಿನ ಧೂಳು ಕುಡಿಯದ್ದು.

ಮಾಸ್ತರರನ್ನು ಕರೆಯಲು ಬಾಯಿ ತೆರೆದಳು. ಬರಿಯ ಉಸಿರು ಬಂತು. ಮತ್ತೆ ಕೂಗಿದಳು. ಉಸಿರೇ. ಗಂಟಲಲ್ಲಿ ಏನೂ ಇರಲಿಲ್ಲ. ಬುರುಡೆಯಲ್ಲಿ ಹಾಡು ಏರುತ್ತಿತ್ತು.

ಅವಳು ಬುರುಡೆಗೆ ಕಿವಿ ಹಚ್ಚಿದಳು. ಚೆನ್ನಾಗಿ ಹಾಡುತ್ತಿತ್ತು. ಒಂದು ಸ್ವರವೂ ಜಾರಲಿಲ್ಲ. ತಂಬೂರಿಯನ್ನು ಎದೆಗೆ ಅವುಚಿಕೊಂಡಳು. ಈ ಕಂಠ ಉಳಿಯಲಿ. ಎಲ್ಲಿಯಾದರೂ ಇರಲಿ.

ಹಿಂದೊಮ್ಮೆ ಕೇಳಿದ್ದ ಆ ನಾದದ ಗುರುತು ಹತ್ತಿ ಕಲ್ಯಾಣಪ್ಪ ಒಳಗೆ ನುಗ್ಗಿದರು. ಕೈಯಲ್ಲಿ ಅಡಕೊತ್ತು.

"ಹೆದರಬ್ಯಾಡ್ರಿ ಅಕ್ಕೋರ. ಬಿಡಿಸ್ತೇನಿ."

ಬೇಡವೆಂದು ತಲೆಯಾಡಿಸಿದಳು. ಅವರು ಅದನ್ನು ಸಂಕಟ ಎಂದುಕೊಂಡರು. ಕೈ ತಡೆದಳು. ಕತ್ತಲಲ್ಲಿ ಅವರು ಆ ಕೈ ಸರಿಸಿದರು. ಮೊದಲ ತಂತಿ ತುಂಡಾಯಿತು. ಮೇಲಿನ ಸ್ವರಗಳು ಹೋದವು. ಮತ್ತೊಂದು. ನಡುವಿನವು ಹೋದವು. ಅವಳು ಅವರ ಮುಂಗೈ ಕಚ್ಚಿದಳು. ಇನ್ನೊಂದು. ಬರಿಯ ಒಂದು ಷಡ್ಜ ಉಳಿಯಿತು, ಸಣ್ಣಗೆ, ಮಗು ಮಲಗುವಾಗ ಗುನುಗಿದ ಹಾಗೆ.

ಕಡೆಯ ತಂತಿಯನ್ನೂ ಅವರು ಕತ್ತರಿಸಿದರು.

"ಈಗ ಮಾತಾಡ್ರಿ," ಎಂದರು. "ಏನರೆ ಒಂದ ಮಾತಾಡ್ರಿ."

ಜೂನ್‌ನಲ್ಲಿ ಪಾಠಶಾಲೆ ತೆರೆದಾಗ ಹಾಡಿನ ವರ್ಗವನ್ನು ಬೇರೆಯವರಿಗೆ ವಹಿಸಲಾಯಿತು. ಸುಂದರಬಾಯಿ ಹಾರ್ಮೋನಿಯಂ ಕಲಿಸತೊಡಗಿದಳು. ಹೇಳಬೇಕಾದದ್ದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಳು.